ಪಾಡ್‌ಕಾಸ್ಟ್ | ‘ಅಯ್ಯೋ, ಆ ಏರಿಯಾನಾ?’: ಒಂದು ಬಡಾವಣೆಗೆ ಕೆಟ್ಟ ಹೆಸರು ಬರೋದು ಹೇಗೆ?



ಇವತ್ತು ಒಂದು ಸಣ್ಣ ಸನ್ನಿವೇಶದಿಂದ ಶುರು ಮಾಡೋಣ. ತಿಂಗಳುಗಟ್ಟಲೆ ಹುಡುಕಿದ ಮೇಲೆ ನಿಮಗೊಂದು ಮನೆ ಸಿಗತ್ತೆ. ಬಾಡಿಗೆ ಕಮ್ಮಿ, ಅಡ್ವಾನ್ಸೂ ಕೈಗೆಟುಕೋ ಹಾಗಿದೆ, ಆಫೀಸಿಗೂ ಹತ್ತಿರ. ಖುಷಿಯಿಂದ ಫ್ರೆಂಡ್ಸ್ ಗ್ರೂಪಲ್ಲಿ ಲೊಕೇಶನ್ ಹಾಕ್ತೀರಿ. ಮೊದಲ ರಿಪ್ಲೈ ಬರತ್ತೆ: ‘ಅಯ್ಯೋ, ಆ ಏರಿಯಾನಾ? ಹುಷಾರು ಗುರೂ.’ ಹಾಗೆ ಬರೆದವರು ಅಲ್ಲಿಗೆ ಒಂದು ಸಲವಾದ್ರೂ ಹೋಗಿದ್ದಾರಾ? ಬಹುಶಃ ಇಲ್ಲ. ಆದ್ರೂ ನಿಮ್ಮ ಮನಸ್ಸಲ್ಲಿ ಅನುಮಾನದ ಹುಳ ಹೊಕ್ಕಾಯ್ತು.

ಈ ಕೆಟ್ಟ ಹೆಸರು ಎಲ್ಲಿಂದ ಬರತ್ತೆ? ಅದರಲ್ಲಿ ನಿಜ ಎಷ್ಟು? ಆ ಹೆಸರಿನ ಬೆಲೆ ಕೊನೆಗೆ ಯಾರು ಕಟ್ತಾರೆ? ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮ್ಮ ಪಕ್ಕದ ಚೆನ್ನೈಗೆ ಹೋಗಿ ಬರೋಣ. ಅಲ್ಲಿ ಕಣ್ಣಗಿ ನಗರ ಅಂತ ಒಂದು ದೊಡ್ಡ ಸರ್ಕಾರಿ ವಸತಿ ಬಡಾವಣೆ ಇದೆ. ‘ಆ ಏರಿಯಾನಾ?’ ಅನ್ನೋ ಮಾತನ್ನ ಅದು ಸುಮಾರು ಇಪ್ಪತ್ತೈದು ವರ್ಷದಿಂದ ಕೇಳಿಸ್ಕೊಳ್ತಾ ಇದೆ.

ಹೊಳೆ ದಂಡೆಯಿಂದ ಊರಾಚೆಗೆ

ಕಣ್ಣಗಿ ನಗರ ಇರೋದು ಚೆನ್ನೈನ ದಕ್ಷಿಣಕ್ಕೆ, ತೊರೈಪಾಕ್ಕಂ ಅನ್ನೋ ಕಡೆ, ಓಎಂಆರ್ ರಸ್ತೆಯ ಹತ್ತಿರ. ಓಎಂಆರ್ ಅಂದ್ರೆ ಓಲ್ಡ್ ಮಹಾಬಲಿಪುರಂ ರೋಡ್. ನಮ್ಮ ಬೆಂಗಳೂರಿಗೆ ಔಟರ್ ರಿಂಗ್ ರೋಡ್ ಹೇಗೋ, ಚೆನ್ನೈನ ಐಟಿಗೆ ಅದು ಹಾಗೆ. ರಸ್ತೆಯುದ್ದಕ್ಕೂ ಗಾಜಿನ ಕಟ್ಟಡಗಳು. ಅಲ್ಲಿಂದ ಸ್ವಲ್ಪ ಒಳಗೆ ತಿರುಗಿದ್ರೆ ಸಾಲುಸಾಲು ಬ್ಲಾಕ್‌ಗಳು, ಪುಟ್ಟಪುಟ್ಟ ಮನೆಗಳು.

ಇದನ್ನ ಕಟ್ಟಿದ್ದು ತಮಿಳುನಾಡು ಕೊಳಗೇರಿ ನಿರ್ಮೂಲನ ಮಂಡಳಿ. 1970ರಲ್ಲಿ ಶುರುವಾದ ಸಂಸ್ಥೆ ಅದು, 2021ರಲ್ಲಿ ನಗರ ವಸತಿ ಅಭಿವೃದ್ಧಿ ಮಂಡಳಿ ಅಂತ ಹೆಸರು ಬದಲಾಯಿತು. ನಮ್ಮ ಕರ್ನಾಟಕದಲ್ಲೂ ಇಂಥದ್ದೇ ಮಂಡಳಿ ಇದೆ. ಅದು ಕಟ್ಟಿಸಿದ ಮನೆಗಳನ್ನೇ ನಾವು ಬಾಯಿಮಾತಲ್ಲಿ ‘ಸ್ಲಂ ಬೋರ್ಡ್ ಕ್ವಾರ್ಟರ್ಸ್’ ಅನ್ನೋದು. ಹಾಗನ್ನುವಾಗ ನಮ್ಮ ದನಿ ಹೇಗಿರತ್ತೆ ಅಂತ ಒಂದು ಸಲ ನೆನಪು ಮಾಡ್ಕೊಳ್ಳಿ.

ಇಲ್ಲೊಂದು ಮುಖ್ಯ ವಿಷಯ ಇದೆ. 1970ರ ದಶಕದಲ್ಲಿ ಚೆನ್ನೈನ ಮಂಡಳಿ ಗುಡಿಸಲು ಇದ್ದ ಜಾಗದಲ್ಲೇ, ಅಂದ್ರೆ ಊರ ನಡುವೆಯೇ, ಮಹಡಿ ಮನೆ ಕಟ್ಟಿಕೊಡ್ತಿತ್ತು. ಮನೆ ಬದಲಾಗ್ತಿತ್ತು, ವಿಳಾಸ ಹೆಚ್ಚು ಬದಲಾಗ್ತಿರಲಿಲ್ಲ. ಆಮೇಲೆ ಊರೊಳಗಿನ ಜಾಗಕ್ಕೆ ಚಿನ್ನದ ಬೆಲೆ ಬಂತು. ಕೂವಂ, ಅಡ್ಯಾರ್ ನದಿಗಳ ದಂಡೆಯಲ್ಲಿ, ಬಕಿಂಗ್‌ಹ್ಯಾಮ್ ಕಾಲುವೆ ಪಕ್ಕದಲ್ಲಿ ಇದ್ದವರನ್ನ ಊರಾಚೆಗೆ ಸಾಗಿಸೋ ಪದ್ಧತಿ ಶುರುವಾಯಿತು. 2000ದಲ್ಲಿ ಕಣ್ಣಗಿ ನಗರ ಬಂತು. ಆಮೇಲೆ ಸೆಮ್ಮಂಜೇರಿ, 2004ರ ಸುನಾಮಿ ನಂತರ ಕರಾವಳಿಯ ಎಷ್ಟೋ ಕುಟುಂಬಗಳನ್ನ ಕಳಿಸಿದ್ದು ಅಲ್ಲಿಗೆ. ಅದಾದ ಮೇಲೆ ಎಂಟು ಮಹಡಿ ಬ್ಲಾಕ್‌ಗಳ ಪೆರುಂಬಾಕ್ಕಂ. 2015ರ ಡಿಸೆಂಬರಿನ ದೊಡ್ಡ ಪ್ರವಾಹ ಆದ ಮೇಲೂ ನದಿ ದಂಡೆಯ ಜನರನ್ನ ಈ ಕಡೆಗೇ ಸಾಗಿಸಿದ್ರು.

ಕಣ್ಣಗಿ ನಗರ ಒಂದರಲ್ಲೇ 15 ಸಾವಿರಕ್ಕೂ ಹೆಚ್ಚು ಮನೆಗಳಿವೆ. ಮೊದಮೊದಲು ಕಟ್ಟಿದ ಮನೆಗಳ ಅಳತೆ 200 ಚದರ ಅಡಿ ಆಸುಪಾಸು. ಬೆಂಗಳೂರಲ್ಲಿ ನಾವು ಬಾಡಿಗೆಗೆ ಹುಡುಕೋ ‘ಸಿಂಗಲ್ ರೂಮ್’ ಇರತ್ತಲ್ಲ, ಹೆಚ್ಚುಕಮ್ಮಿ ಅಷ್ಟರಲ್ಲಿ ಇಡೀ ಸಂಸಾರ. ಮನೆಗೆ ನಾಲ್ಕೇ ಜನ ಅಂತ ಹಿಡಿದ್ರೂ 60 ಸಾವಿರ ಜನ ಆಯ್ತು. ಒಂದು ತಾಲ್ಲೂಕು ಕೇಂದ್ರದಷ್ಟು ಜನರನ್ನ ಒಂದೇ ಬಡಾವಣೆಯಲ್ಲಿ ಇಟ್ಟ ಹಾಗೆ.

ಹೆಸರು ಕೆಡೋದು ಎಲ್ಲಿಂದ?

ಈಗ ಯೋಚನೆ ಮಾಡಿ. ನೀವು ಮೈಲಾಪುರದ ಹತ್ತಿರ ನಾಲ್ಕು ಮನೆ ಕೆಲಸ ಮಾಡ್ಕೊಂಡು, ಮಕ್ಕಳನ್ನ ಪಕ್ಕದ ರಸ್ತೆಯ ಶಾಲೆಗೆ ಕಳಿಸ್ತಿದ್ದವರು. ಒಂದಿನ ಲಾರಿ ಬಂತು, ಸಾಮಾನು ಹೇರಿದ್ರು, ದೂರದ ಊರಾಚೆಗೆ ಒಯ್ದು ಇಳಿಸಿದ್ರು. ಹೌದು, ತಲೆ ಮೇಲೆ ತಾರಸಿ ಬಂತು. ಆದ್ರೆ ಬೆಳಿಗ್ಗೆ ಆರಕ್ಕೆ ಹೋಗ್ತಿದ್ದ ಮನೆಗೆಲಸ ಹೋಯ್ತು. ಮೀನು ಮಾರೋರಿಗೆ ಗಿರಾಕಿ ಹೋದ್ರು. ಸಿಗೋ ಸಂಬಳದಲ್ಲಿ ಒಂದು ಪಾಲು ಬಸ್ಸಿಗೇ. ವರ್ಷದ ನಡುವೆ ಶಾಲೆ ಬದಲಾದ್ರೆ ಎಷ್ಟೋ ಮಕ್ಕಳು ಮತ್ತೆ ಶಾಲೆ ಮೆಟ್ಟಿಲು ಹತ್ತೋದೇ ಇಲ್ಲ.

ಇನ್ನೊಂದು ನಷ್ಟ ಇದೆ, ಅದು ಯಾವ ಫೈಲಲ್ಲೂ ಬರಲ್ಲ. ಹಳೇ ಕೇರಿಯಲ್ಲಿ ಯಾರ ಮಗ ಯಾರು ಅಂತ ಎಲ್ಲರಿಗೂ ಗೊತ್ತಿರತ್ತೆ. ಹುಡುಗ ದಾರಿ ತಪ್ಪಿದ್ರೆ ಅಂಗಡಿ ಅಣ್ಣನೋ ಎದುರುಮನೆ ಅಜ್ಜಿಯೋ ಗದರ್ತಾರೆ. ಬೇರೆಬೇರೆ ಕಡೆಯಿಂದ ಬಂದ ಸಾವಿರಾರು ಸಂಸಾರಗಳನ್ನ ಒಂದೇ ಕಡೆ ಇಟ್ಟಾಗ ಆ ಪರಿಚಯದ ಬಲೆ ಹರಿದುಹೋಗತ್ತೆ. ಮತ್ತೆ ಹೆಣೆಯೋಕೆ ವರ್ಷಗಟ್ಟಲೆ ಬೇಕು.

ಅದರ ಜೊತೆಗೆ ಆಡಳಿತದ ತೊಡಕು. ಶುರುವಿನಲ್ಲಿ ಆ ಜಾಗ ಚೆನ್ನೈ ಪಾಲಿಕೆಯ ಗಡಿಯೊಳಗೆ ಇರಲೇ ಇಲ್ಲ. ತೊರೈಪಾಕ್ಕಂ ಪಾಲಿಕೆಗೆ ಸೇರಿದ್ದು 2011ರಲ್ಲಿ. ಅಲ್ಲಿವರೆಗೂ ಅದು ಪಂಚಾಯಿತಿ. ನಗರದ ಒಂದು ತುಂಡನ್ನ ತಂದು ಹಳ್ಳಿ ಪಂಚಾಯಿತಿಯ ಪಕ್ಕ ಇಟ್ರೆ, ನೀರು, ಕಸ, ಬೀದಿದೀಪಕ್ಕೆ ಯಾರ ಬಾಗಿಲು ತಟ್ಟಬೇಕು?

ಕೆಲಸ ದೂರ, ಶಾಲೆ ದೂರ, ದೀಪ ಇಲ್ಲ, ಹದಿಹರೆಯದ ಹುಡುಗರ ಕೈಯಲ್ಲಿ ಬೇಕಾದಷ್ಟು ಖಾಲಿ ಸಮಯ. ಇಂಥ ಕಡೆ ಕಳ್ಳತನ, ಗಾಂಜಾ, ಹೊಡೆದಾಟ ತಲೆ ಎತ್ತಿದ್ರೆ ಅದು ಆಶ್ಚರ್ಯ ಅಲ್ಲ. ಅಲ್ಲಿ ತೊಂದರೆಯೇ ಇಲ್ಲ, ಎಲ್ಲಾ ಸುಳ್ಳು ಸುದ್ದಿ ಅಂತ ನಾವು ಹೇಳಿದ್ರೆ ಅದೂ ಮೋಸವೇ. ಆದ್ರೆ ಆ ತೊಂದರೆಯನ್ನ ಎಲ್ಲರಿಗಿಂತ ಹೆಚ್ಚು ಅನುಭವಿಸೋರು ಅಲ್ಲೇ ಬದುಕೋ ಜನ. ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ನಡೆಯೋಳು ಅಲ್ಲಿನ ಹೆಣ್ಣುಮಗಳೇ ಹೊರತು ದೂರದಿಂದ ‘ಹುಷಾರು’ ಅನ್ನೋರಲ್ಲ.

ಲೆಕ್ಕದ ಒಂದು ಎಡವಟ್ಟೂ ಇದೆ. ಒಂದೇ ಠಾಣೆ ವ್ಯಾಪ್ತಿಯಲ್ಲಿ, ಒಂದೇ ಹೆಸರಿನಡಿ ಇಷ್ಟೊಂದು ಜನ ಇದ್ದಾಗ ಕೇಸುಗಳ ಒಟ್ಟು ಸಂಖ್ಯೆ ದೊಡ್ಡದಾಗೇ ಕಾಣತ್ತೆ. ‘ಎಷ್ಟು ಕೇಸು?’ ಅನ್ನೋದರ ಜೊತೆಗೆ ‘ಎಷ್ಟು ಜನರಿಗೆ?’ ಅಂತ ಕೇಳದಿದ್ರೆ ಆ ಸಂಖ್ಯೆಗೆ ಅರ್ಥ ಇಲ್ಲ.

ಇನ್ನು ನಮ್ಮಂಥ ಸುದ್ದಿಯವರ ಪಾಲು. ದೊಡ್ಡ ಬಡಾವಣೆಯಲ್ಲಿ ಅಪರಾಧ ಆದ್ರೆ ತಲೆಬರಹದಲ್ಲಿ ‘ಟೆಕಿ’, ‘ಉದ್ಯಮಿ ಮಗ’ ಅಂತ ವ್ಯಕ್ತಿ ಬರ್ತಾನೆ. ಇಂಥ ಬಡಾವಣೆಯಲ್ಲಿ ಆದ್ರೆ ಬಡಾವಣೆಯ ಹೆಸರೇ ತಲೆಬರಹ. ಅಲ್ಲಿ ತಪ್ಪು ಒಬ್ಬನದ್ದು, ಇಲ್ಲಿ ತಪ್ಪು ಪಿನ್‌ಕೋಡಿನದ್ದು.

ವಿಳಾಸಕ್ಕೆ ಬೀಳೋ ದಂಡ

ಒಂದು ಜಾಗದ ಹೆಸರೇ ಅಲ್ಲಿನವರ ಮೈಗೆ ಅಂಟೋ ಮಸಿ ಆಗೋದನ್ನ ಸಮಾಜಶಾಸ್ತ್ರಜ್ಞ ಲೋಯಿಕ್ ವಾಕಾಂ ಷಿಕಾಗೋದ ಕಪ್ಪುಜನರ ಕೇರಿಗಳಲ್ಲಿ, ಪ್ಯಾರಿಸ್ ಹೊರವಲಯದ ವಸತಿ ಬಡಾವಣೆಗಳಲ್ಲಿ ಅಧ್ಯಯನ ಮಾಡಿದ್ದಾರೆ. ಜಾತಿ, ಬಣ್ಣ, ಬಡತನದ ಕಳಂಕದ ಮೇಲೆ ವಿಳಾಸದ ಕಳಂಕ ಇನ್ನೊಂದು ಪದರ ಅಂತ ಅವರ ವಾದ.

ಕಣ್ಣಗಿ ನಗರದಲ್ಲಿ ಇದು ತುಂಬಾ ನೇರವಾಗಿ ಕಾಣತ್ತೆ. ಅಲ್ಲಿನ ಯುವಕರು ಕೆಲಸದ ಅರ್ಜಿಯಲ್ಲಿ ‘ಕಣ್ಣಗಿ ನಗರ’ ಅಂತ ಬರೆಯದೆ ‘ತೊರೈಪಾಕ್ಕಂ’ ಅಂತಲೋ, ನೆಂಟರ ಮನೆ ವಿಳಾಸವನ್ನೋ ಕೊಡೋದು ಮತ್ತೆ ಮತ್ತೆ ವರದಿಯಾಗಿದೆ. ಆ ಕೆಲಸ ಇರೋದು ಎಲ್ಲಿ? ಎಷ್ಟೋ ಸಲ ಕೂಗಳತೆ ದೂರದ ಓಎಂಆರ್‌ನಲ್ಲಿ. ಅದೇ ಗಾಜಿನ ಕಟ್ಟಡಗಳ ನೆಲ ಒರೆಸೋರಲ್ಲಿ ಈ ಬಡಾವಣೆಯ ಹೆಂಗಸರೂ ಇದ್ದಾರೆ.

ದಂಡ ಅಷ್ಟಕ್ಕೇ ನಿಲ್ಲಲ್ಲ. ಸಾಲ, ಕ್ರೆಡಿಟ್ ಕಾರ್ಡ್ ಕೊಡೋ ಕಡೆ ‘ನೆಗೆಟಿವ್ ಏರಿಯಾ’ ಅನ್ನೋ ಮಾತು ಚಾಲ್ತಿಯಲ್ಲಿದೆ. ನಿಮ್ಮ ಸಂಬಳ, ನಿಮ್ಮ ದಾಖಲೆ ಎಲ್ಲಾ ಸರಿ ಇದ್ರೂ ಬೀದಿ ಹೆಸರು ನೋಡಿ ಅರ್ಜಿ ಪಕ್ಕಕ್ಕೆ ಹೋಗಬಹುದು. ಕ್ಯಾಬ್ ಕ್ಯಾನ್ಸಲ್ ಆಗತ್ತೆ. ಹೆಣ್ಣು ನೋಡೋಕೆ ಬಂದೋರು ಮನೆ ಎಲ್ಲಿ ಅಂತ ಕೇಳಿ ಸುಮ್ಮನಾಗ್ತಾರೆ. ಓದಿ ಮುಂದೆ ಬಂದೋರು ಸಾಧ್ಯವಾದ ಕೂಡಲೇ ಅಲ್ಲಿಂದ ಹೊರಡ್ತಾರೆ. ಹೋಗೋಕೆ ಆಗದವರು ಉಳೀತಾರೆ. ಆಗ ಜನ ‘ನೋಡಿ, ನಾವು ಹೇಳಿರಲಿಲ್ವಾ’ ಅಂತಾರೆ. ಕೆಟ್ಟ ಹೆಸರು ತನಗೆ ಬೇಕಾದ ಸಾಕ್ಷಿಯನ್ನ ತಾನೇ ತಯಾರು ಮಾಡ್ಕೊಳ್ಳೋದು ಹೀಗೆ.

ಬಣ್ಣ ಬಳಿದ್ರೆ ಸಾಕಾ?

2020ರಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಅನ್ನೋ ಕಲಾ ಸಂಸ್ಥೆ ಕಣ್ಣಗಿ ನಗರದ ಬ್ಲಾಕ್‌ಗಳ ಗೋಡೆ ಮೇಲೆ ಕಟ್ಟಡದೆತ್ತರದ ಚಿತ್ರಗಳನ್ನ ಬರೆಸಿತು. ಇದುವರೆಗೆ ಆ ಕಡೆ ತಲೆ ಹಾಕದವರೂ ಫೋಟೋ ತೆಗೆಯೋಕೆ ಹೋದ್ರು. ಹೆಸರು ಹುಡುಕಿದ್ರೆ ಕ್ರೈಂ ಸುದ್ದಿ ಜೊತೆಗೆ ಬಣ್ಣದ ಗೋಡೆಗಳೂ ಬರೋ ಹಾಗಾಯ್ತು. ಒಳ್ಳೇದೇ. ಆದ್ರೆ ಗೋಡೆ ಚೆಂದ ಆದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಲ್ಲ, ಕೆಲಸ ಹತ್ತಿರ ಆಗಲ್ಲ.

2025ರ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಬಹ್ರೇನ್‌ನಲ್ಲಿ ನಡೆದ ಏಷ್ಯನ್ ಯೂತ್ ಗೇಮ್ಸ್‌ನಲ್ಲಿ ಭಾರತದ ಹುಡುಗಿಯರ ಕಬಡ್ಡಿ ತಂಡ ಚಿನ್ನ ಗೆದ್ದಿತು. ಆ ತಂಡದಲ್ಲಿ ಇದ್ದವಳು ಕಾರ್ತಿಕಾ, ಕಣ್ಣಗಿ ನಗರದ ಹುಡುಗಿ. ಈ ಸಲವೂ ತಲೆಬರಹದಲ್ಲಿ ಬಡಾವಣೆಯ ಹೆಸರು ಬಂತು, ಆದ್ರೆ ಹೆಮ್ಮೆಯಿಂದ. ನಾವೂ ಖುಷಿಪಟ್ವಿ. ಜೊತೆಗೆ ಒಂದು ಪ್ರಶ್ನೆಯೂ ಉಳೀತು: ಒಂದು ಬಡಾವಣೆಯ ಜನಕ್ಕೆ ಸಾಧಾರಣ ಮರ್ಯಾದೆ ಸಿಗೋಕೆ ಅಲ್ಲಿನ ಹುಡುಗಿ ಚಿನ್ನವನ್ನೇ ಗೆಲ್ಲಬೇಕಾ? ಅಂದಹಾಗೆ, ಶಿಲಪ್ಪದಿಕಾರದ ಕಣ್ಣಗಿ ಅಂದ್ರೆ ಪಾಂಡ್ಯ ರಾಜನ ಸಭೆಗೇ ನುಗ್ಗಿ ನ್ಯಾಯ ಕೇಳಿದವಳು. ಆಕೆಯ ಹೆಸರಿಟ್ಟ ಊರಿನವರೇ ಆ ಹೆಸರನ್ನ ಮುಚ್ಚಿಡಬೇಕಾದ ಪರಿಸ್ಥಿತಿ.

ನೀವು ಮನೆ ಬದಲಿಸೋ ಮುಂಚೆ

ಸರಿ, ಈಗ ನಿಮ್ಮ ವಿಷಯಕ್ಕೆ ಬರೋಣ. ಹೆಸರು ಕೆಟ್ಟ ಜಾಗದಲ್ಲಿ ಮನೆ ನೋಡ್ತಿದ್ದೀರಿ. ಏನು ಮಾಡಬೇಕು?

ಮೊದಲನೇದು, ಎಚ್ಚರಿಕೆ ಹೇಳಿದವರನ್ನ ‘ನೀವು ಅಲ್ಲಿ ಇದ್ರಾ?’ ಅಂತ ಕೇಳಿ. ಇರಲಿಲ್ಲ ಅಂದ್ರೆ, ಇದ್ದೋರನ್ನ ಹುಡುಕಿ. ಮೂಲೆ ಅಂಗಡಿಯವರು, ಇಸ್ತ್ರಿ ಅಣ್ಣ, ಸಂಜೆ ಮನೆಗೆ ಬರೋ ಹೆಂಗಸರು, ಇವರಿಗೆ ಗೊತ್ತಿರೋದು ಬ್ರೋಕರ್‌ಗೂ ಗೊತ್ತಿರಲ್ಲ, ಗೂಗಲ್‌ಗೂ ಗೊತ್ತಿರಲ್ಲ.

ಎರಡನೇದು, ಮೂರು ಹೊತ್ತಿನಲ್ಲಿ ಹೋಗಿ ನೋಡಿ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ರಾತ್ರಿ ಹತ್ತೂವರೆಗೆ. ಬೀದಿದೀಪ ಉರೀತಾ ಇದೆಯಾ? ಹೆಣ್ಣುಮಕ್ಕಳು ಒಂಟಿಯಾಗಿ ಓಡಾಡ್ತಿದ್ದಾರಾ? ಕೊನೇ ಬಸ್ ಎಷ್ಟೊತ್ತಿಗೆ? ರಾತ್ರಿ ಒಬ್ಬರೇ ಹೋಗೋದು ಬೇಡ, ಗೊತ್ತಿರೋರನ್ನ ಕರ್ಕೊಂಡು ಹೋಗಿ.

ಮೂರನೇದು, ಜನರ ಬಗ್ಗೆ ವಿಚಾರಿಸೋ ಬದಲು ಜಾಗದ ಬಗ್ಗೆ ವಿಚಾರಿಸಿ. ನೀರು ವಾರಕ್ಕೆ ಎಷ್ಟು ದಿನ ಬರತ್ತೆ? ಕಸದ ಗಾಡಿ ದಿನಾ ಬರತ್ತಾ? ಜೋರು ಮಳೆ ಬಂದ್ರೆ ನೀರು ಎಲ್ಲಿವರೆಗೆ ನಿಲ್ಲತ್ತೆ? ಲಿಫ್ಟ್ ಕೆಟ್ರೆ ಯಾರು ಸರಿ ಮಾಡಿಸ್ತಾರೆ? ಇವಕ್ಕೆ ನೇರ ಉತ್ತರ ಸಿಗದಿದ್ರೆ ಅದು ನಿಜವಾದ ಅಪಾಯದ ಗುರುತು.

ನಾಲ್ಕನೇದು, ಕಾಗದ. ಮಂಡಳಿಯ ಮನೆಗಳನ್ನ ಬಡ ಕುಟುಂಬಗಳಿಗೆ ಷರತ್ತಿನ ಮೇಲೆ ಹಂಚಿರ್ತಾರೆ. ಮನಬಂದಂತೆ ಮಾರೋದಕ್ಕೆ, ಬಾಡಿಗೆಗೆ ಕೊಡೋದಕ್ಕೆ ನಿಯಮ ಅಡ್ಡ ಬರತ್ತೆ. ಬರೀ ಛಾಪಾ ಕಾಗದ ತೋರಿಸಿ ‘ಕಮ್ಮಿಗೆ ಕೊಡ್ತೀವಿ’ ಅಂದ್ರೆ ಅಡ್ವಾನ್ಸ್ ಕೊಡೋ ಮುಂಚೆ ಮಂಡಳಿಯ ಕಚೇರಿಯಲ್ಲಿ ಕೇಳಿ.

ಕೊನೇದು, ನೋಡಿ ಒಪ್ಪಿ ಹೋದ ಮೇಲೆ ವಿಳಾಸ ಮುಚ್ಚಿಡಬೇಡಿ. ನಿಮ್ಮ ಹತ್ರ ಓದಿದೆ, ಕೆಲಸ ಇದೆ, ಬೇಕಾದ್ರೆ ಬೇರೆ ಕಡೆ ಹೋಗೋ ಅವಕಾಶ ಇದೆ. ಅದಿಲ್ಲದ ಪಕ್ಕದ ಮನೆಯ ಹುಡುಗನಿಗೆ, ‘ಹೌದು, ನಾನೂ ಅಲ್ಲೇ ಇರೋದು’ ಅಂತ ನೀವು ಆಫೀಸಲ್ಲಿ ಹೇಳೋ ಒಂದು ಮಾತಿಂದ ಉಪಯೋಗ ಆಗಬಹುದು. ಯಾಕಂದ್ರೆ ನಾಳೆ ಅವನ ಅರ್ಜಿ ನಿಮ್ಮ ಆಫೀಸಿಗೇ ಬರಬಹುದು.

ಮುಂದಿನ ಸಲ ಗ್ರೂಪಲ್ಲಿ ಯಾರಾದ್ರೂ ಹೊಸ ಮನೆಯ ಲೊಕೇಶನ್ ಹಾಕಿದಾಗ ‘ಆ ಏರಿಯಾನಾ?’ ಅಂತ ಟೈಪ್ ಮಾಡೋಕೆ ಹೋಗಿ ಒಂದು ಕ್ಷಣ ನಿಲ್ಲಿ. ಅದರ ಬದಲು ‘ನೀರು ಬರತ್ತಾ? ಹಾಲು ಉಕ್ಕಿಸೋದು ಯಾವಾಗ?’ ಅಂತ ಕೇಳಿ.

ಇವತ್ತಿಗೆ ಇಷ್ಟು. ನಿಮ್ಮ ಏರಿಯಾ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದ್ರೆ ವಾಯ್ಸ್ ನೋಟ್ ಮಾಡಿ ಕಳಿಸಿ, ನಾವೂ ಕೇಳಿಸ್ಕೊಳ್ತೀವಿ.