ಮನೆಯಿಂದಲೇ ಕರಾರು: ಸಹಿಗೆ ಮುಂಚೆ ಮೂರು ಕೆಲಸ

ಬೆಂಗಳೂರಿನ ಒಂದು ಕಂಪನಿ ಅಂದ್ಕೊಳ್ಳಿ. ಲೀಗಲ್ ಟೀಮ್‌ನಲ್ಲಿ ನಾಲ್ಕು ಜನ, ನಾಲ್ಕೂ ಜನ ಮನೆಯಿಂದಲೇ ಕೆಲಸ. ಒಂದೇ ಕರಾರಿನ ಕರಡು ಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಓಡಾಡ್ತಿದೆ: 'ಫೈನಲ್', 'ಫೈನಲ್ 2'. 45 ದಿನದಲ್ಲಿ ಹಣ ಅಂತ ಮಾತಾಗಿತ್ತು, ಆದ್ರೆ ಸಹಿ ಬಿದ್ದಿದ್ದು 90 ದಿನ ಅಂತಿದ್ದ ಹಳೇ ಕರಡಿಗೆ! ಆಮೇಲೆ ಏನ್ ಮಾಡ್ತೀರಿ?

ಮೊದಲನೆಯದು, ಕರಡು ಒಂದೇ ಕಡೆ ಇರಲಿ. ಯಾರು ಏನು ಬದಲಿಸಿದ್ರು ಅಂತ ಕಾಣಬೇಕು. 'ಇದೇ ಅಂತಿಮ' ಅನ್ನೋ ಅಧಿಕಾರ ಒಬ್ಬರಿಗೇ ಇರಲಿ.

ಎರಡನೆಯದು, ಸ್ಟ್ಯಾಂಪ್. 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಪ್ರಕಾರ ಶುಲ್ಕವನ್ನು ಸಹಿಗೆ ಮುಂಚೆ ಅಥವಾ ಸಹಿ ಹಾಕುವಾಗಲೇ ಕಟ್ಟಿರಬೇಕು. ಕಡಿಮೆ ಕಟ್ಟಿದ್ರೆ, ಬಾಕಿ ಮತ್ತು ದಂಡ ತೀರಿಸೋವರೆಗೂ ಕೋರ್ಟ್ ಆ ಪತ್ರವನ್ನು ಸಾಕ್ಷ್ಯವಾಗಿ ತಗೊಳ್ಳಲ್ಲ.

ಮೂರನೆಯದು, ಆನ್‌ಲೈನ್ ಸಹಿ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ಕರಾರು ಅಸಿಂಧು ಆಗಲ್ಲ ಅನ್ನುತ್ತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ. ಆದ್ರೆ ಉಯಿಲು, ಟ್ರಸ್ಟ್ ಪತ್ರಗಳಿಗೆ ಈ ಕಾಯ್ದೆ ಅನ್ವಯಿಸಲ್ಲ. ಅವಕ್ಕೆ ಕಾಗದ, ಪೆನ್ನೇ ಬೇಕು.

ಸಹಿಯ ಲಿಂಕ್ ಕಳಿಸೋ ಮುಂಚೆ ಒಂದು ಫೋನ್ ಮಾಡಿ, ಹಣ ಮತ್ತು ದಿನಾಂಕದ ಸಾಲುಗಳನ್ನ ಗಟ್ಟಿಯಾಗಿ ಓದಿ. ಐದು ನಿಮಿಷ ಹೋಗುತ್ತೆ, ಕರಾರು ಉಳಿಯುತ್ತೆ.