ಪಾಚಿಗೆ ಮದ್ದು ಗಿಡವೇ

ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಪಾತ್ರೆಯೊಂದರ ತಳಕ್ಕೆ ಮರಳು ಹಾಕಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟ. ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಬೇಕು, ಗಿಡ ಬಿಟ್ಟ ಆಮ್ಲಜನಕ ಮೀನಿಗೆ ಒದಗಬೇಕು ಎಂಬುದು ಆತನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ ಹಳೆಯ ಎಲೆಗಳು ಕೊಳೆಯತೊಡಗಿದವು, ನೀರು ಕದಡಿತು, ಪಾತ್ರೆಯ ಒಳಮೈಗೆ ಹಸಿರು ಲೋಳೆ ಕಟ್ಟಿತು. ವಾರಿಂಗ್ಟನ್ ಐದಾರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ಮೇದು ಪಾತ್ರೆಯನ್ನು ತಿಳಿಗೊಳಿಸಿದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಆತ ಇದನ್ನೆಲ್ಲ ಕೆಮಿಕಲ್ ಸೊಸೈಟಿಯ ಮುಂದೆ ಓದಿದ. ಅಕ್ವೇರಿಯಂ ಹವ್ಯಾಸದ ಅತಿ ಹಳೆಯ ದಾಖಲೆಗಳಲ್ಲೊಂದರಲ್ಲೇ ಪಾಚಿಯ ದೂರು ಇದೆ.

ಇವತ್ತು ಎರಡಡಿ ಉದ್ದದ ತೊಟ್ಟಿ ಕೊಂಡು, ಗಿಡ ನೆಟ್ಟು, ಪ್ರಖರವಾದ ಎಲ್‌ಇಡಿ ದೀಪ ಹಚ್ಚಿದವರ ಅನುಭವವೂ ಇದೇ. ಮೊದಲ ಕೆಲವು ದಿನ ಎಲ್ಲವೂ ಚೆಂದ. ಆಮೇಲೆ ಗಾಜಿಗೆ ಕಂದು ಧೂಳು, ಎಲೆಯಂಚಿಗೆ ನೂಲಿನಂಥ ಹಸಿರು. ಅಂಗಡಿಗೆ ಹೋದರೆ ಪಾಚಿ ಕೊಲ್ಲುವ ಔಷಧದ ಬಾಟಲಿ ಕೈಗೆ ಬರುತ್ತದೆ. ನನ್ನ ಮಟ್ಟಿಗೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಗಿಡಕ್ಕೆ ಏನು ಸಾಲದೇ ಹೋಯಿತು?

ಪಾಚಿಯನ್ನು ಉಪವಾಸ ಕೆಡವಬಹುದು ಎಂಬ ಯೋಚನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ನೀರಿನಲ್ಲಿ ಸಾರಜನಕ, ರಂಜಕ ಇಲ್ಲದಂತೆ ಮಾಡಿದರೆ ಅದು ಸಾಯಬೇಕಲ್ಲ? ಸಾಯುವುದಿಲ್ಲ, ಏಕೆಂದರೆ ಅದು ತೀರ ಚಿಕ್ಕದು. ಅದಕ್ಕೆ ಬೇರು, ಕಾಂಡ, ದಪ್ಪ ಎಲೆ ಯಾವುದೂ ಇಲ್ಲ. ಮೈಯೆಲ್ಲ ನೀರಿಗೆ ತೆರೆದೇ ಇರುತ್ತದೆ. ಜೀವಿ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ದೊಡ್ಡದು. ಹಾಗಾಗಿ ಪೋಷಕಾಂಶ ಅತಿ ವಿರಳವಾಗಿರುವ ನೀರಿನಿಂದಲೂ ಪಾಚಿ ತನಗೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ಗೊಬ್ಬರ ನಿಲ್ಲಿಸಿದರೆ ಮೊದಲು ಸೊರಗುವುದು ಗಿಡ. ಸೊರಗಿದ ಗಿಡದ ಎಲೆ ಕೊಳೆತು ನೀರಿಗೆ ಬಿಡುವ ಸಾರ ಮತ್ತೆ ಪಾಚಿಯ ಪಾಲು.

1990ರ ದಶಕದಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಎಂಬ ಹವ್ಯಾಸಿಗಳು ರಂಜಕವೊಂದನ್ನು ಮಾತ್ರ ಬಿಗಿಹಿಡಿದು ಉಳಿದ ಪೋಷಕಾಂಶಗಳನ್ನು ಧಾರಾಳವಾಗಿ ಕೊಡುವ ಕ್ರಮವನ್ನು ಮುಂದಿಟ್ಟರು. ಗಿಡಕ್ಕೆ ಗೊಬ್ಬರ ಬೇಕು ಎಂಬುದನ್ನು ಒಪ್ಪಿಸಿದ್ದೇ ಅವರ ದೊಡ್ಡ ಕೊಡುಗೆ. ಆಮೇಲೆ ಅಮೆರಿಕದ ಟಾಮ್ ಬಾರ್ ರಂಜಕವನ್ನೂ ಬೇಕೆಂದೇ ಸೇರಿಸಿ ನೋಡಿದರು. ಗಿಡಗಳು ಹುಲುಸಾಗಿದ್ದ ತೊಟ್ಟಿಯಲ್ಲಿ ಪಾಚಿ ಏಳಲಿಲ್ಲ, ಗಿಡ ಇನ್ನಷ್ಟು ಬೆಳೆಯಿತು. ಪಾಚಿಗೆ ಗೊಬ್ಬರವೇ ಕಾರಣ ಎಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು.

ಹಾಗಾದರೆ ಕೊರತೆ ಯಾವುದರದು? ಬಹುಪಾಲು ತೊಟ್ಟಿಗಳಲ್ಲಿ ಇಂಗಾಲದ್ದು. ಒಣಗಿಸಿದ ಗಿಡದ ತೂಕದಲ್ಲಿ ಹೆಚ್ಚುಕಡಿಮೆ ಶೇ. 40ರಷ್ಟು ಇಂಗಾಲವೇ. ನೆಲದ ಮೇಲಿನ ಗಿಡಕ್ಕೆ ಅದು ಗಾಳಿಯಿಂದ ಸಲೀಸಾಗಿ ಸಿಗುತ್ತದೆ. ನೀರಿನೊಳಗೆ ಕಥೆಯೇ ಬೇರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಗೆ ತೆರೆದಿಟ್ಟ ನೀರಲ್ಲಿ ಕರಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಸುಮಾರು 0.6 ಮಿಲಿಗ್ರಾಂ. ಸಾಲದ್ದಕ್ಕೆ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಅದು ನೀರಿನಲ್ಲಿ ಹರಡುತ್ತದೆ. ಪ್ರತಿ ಎಲೆಗೂ ಅಲುಗಾಡದ ನೀರಿನ ತೆಳು ಪದರವೊಂದು ಅಂಟಿಕೊಂಡಿರುತ್ತದೆ; ಎಲೆ ತನ್ನ ಪಕ್ಕದ ಅನಿಲವನ್ನೆಲ್ಲ ಬಳಸಿಕೊಂಡರೆ ಹೊಸದು ಆ ಪದರವನ್ನು ದಾಟಿ ಬರುವವರೆಗೂ ಕಾಯಬೇಕು. ಫಿಲ್ಟರಿನ ಹರಿವು ಗಿಡಗಳ ನಡುವೆ ನುಸುಳಿ ಎಲೆಗಳನ್ನು ಸ್ವಲ್ಪ ತೂಗುವಂತಿರಬೇಕು ಎಂದು ಬಲ್ಲವರು ಹೇಳುವುದು ಇದಕ್ಕೇ.

ಹೈಸ್ಕೂಲಿನ ಜೀವಶಾಸ್ತ್ರದ ಪ್ರಯೋಗ ಹಲವರಿಗೆ ನೆನಪಿರಬಹುದು. ಬೀಕರಿನ ನೀರಲ್ಲಿ ಹೈಡ್ರಿಲ್ಲ, ಅದರ ಮೇಲೆ ಬೋರಲಾಗಿಟ್ಟ ಆಲಿಕೆ, ಆಲಿಕೆಯ ಕೊಳವೆಗೆ ಕವುಚಿದ ಪ್ರನಾಳ. ಬಿಸಿಲಿಗಿಟ್ಟರೆ ಕತ್ತರಿಸಿದ ಕಾಂಡದ ತುದಿಯಿಂದ ಆಮ್ಲಜನಕದ ಗುಳ್ಳೆಗಳು ಒಂದರ ಹಿಂದೊಂದು ಮೇಲೇರುತ್ತವೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಗುಳ್ಳೆಗಳು ಚುರುಕಾಗುತ್ತವೆ. ಬಿಸಿಲು ಅಷ್ಟೇ ಇದೆ, ಹೆಚ್ಚಾದದ್ದು ಇಂಗಾಲ. ಹೈಡ್ರಿಲ್ಲ, ವ್ಯಾಲಿಸ್ನೇರಿಯಾದಂಥ ಗಿಡಗಳು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ತೆಗೆಯಬಲ್ಲವು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಇವು ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಹಂಗಿಲ್ಲದೆ ಚಿಗುರುವುದು ಈ ಬಲದಿಂದ. ಎಲ್ಲ ಗಿಡಕ್ಕೂ ಈ ವಿದ್ಯೆ ಇಲ್ಲ. ಜಗತ್ತಿನ ಅಕ್ವೇರಿಯಂಗಳಲ್ಲಿ ಕೆಂಪು ಎಲೆಗೆ ಹೆಸರಾದ, ನೈಋತ್ಯ ಭಾರತದ ಮೂಲದ ರೊಟಾಲ ಮ್ಯಾಕ್ರಾಂಡ್ರ ಅದೇ ಗಡಸು ನೀರಿನಲ್ಲಿ ಬಡವಾಗುತ್ತದೆ. ನಮ್ಮ ನೆಲದ ಇಷ್ಟು ಸೊಗಸಾದ ಗಿಡವನ್ನು ನಮ್ಮ ಮನೆಗಳಲ್ಲಿ ಚೆನ್ನಾಗಿ ಬೆಳೆಸಿ ನೋಡಬೇಕು ಎಂಬುದು ನನ್ನ ಆಸೆ. ಅದಕ್ಕೆ ಅನಿಲ ಒದಗಿಸಲೇಬೇಕು.

ಸಿಲಿಂಡರ್, ರೆಗ್ಯುಲೇಟರ್, ಸೂಕ್ಷ್ಮ ಗುಳ್ಳೆ ಮಾಡುವ ಡಿಫ್ಯೂಸರ್ ಇಟ್ಟುಕೊಂಡವರು ಲೀಟರಿಗೆ 20ರಿಂದ 30 ಮಿಲಿಗ್ರಾಂ ಅನಿಲ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಅಳೆಯಲು ತೊಟ್ಟಿಯೊಳಗೆ ಅಂಟಿಸುವ ಪುಟ್ಟ ಗಾಜಿನ ಬುರುಡೆ ಸಿಗುತ್ತದೆ. ಅದರಲ್ಲಿನ ಬ್ರೋಮೋಥೈಮಾಲ್ ಬ್ಲೂ ದ್ರಾವಣ ನೀಲಿಯಾಗಿದ್ದರೆ ಅನಿಲ ಸಾಲದು, ಹಸಿರಾದರೆ ಸರಿ, ಹಳದಿಗೆ ತಿರುಗಿದರೆ ಮೀನಿಗೆ ಅಪಾಯ. ಆದರೆ ಬಣ್ಣ ಬದಲಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಬುರುಡೆಯನ್ನು ನಂಬಿ ಕೂರದೆ ಅನಿಲ ನಿಲ್ಲಿಸಿ. ದೀಪ ಹತ್ತುವ ಒಂದೆರಡು ಗಂಟೆ ಮೊದಲೇ ಅನಿಲ ಶುರುವಾಗಿ, ದೀಪ ಆರುವಾಗ ನಿಂತರೆ ಸಾಕು. ರಾತ್ರಿ ಗಿಡವೂ ಆಮ್ಲಜನಕವನ್ನೇ ಬಳಸುತ್ತದೆ.

ಸಿಲಿಂಡರ್ ಬೇಡ ಎನ್ನುವವರಿಗೂ ದಾರಿ ಇದೆ: ಬೆಳಕು ಇಳಿಸುವುದು. ಬೆಳಕು ಹೆಚ್ಚಾದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಇಂಗಾಲವಿಲ್ಲದೆ ಹಸಿವು ಮಾತ್ರ ಬೆಳೆದರೆ ಗಿಡ ತಡೆದು ನಿಲ್ಲುತ್ತದೆ, ಉಳಿದ ಬೆಳಕನ್ನು ಪಾಚಿ ತೆಗೆದುಕೊಳ್ಳುತ್ತದೆ. ದಿನಕ್ಕೆ ಆರೇಳು ಗಂಟೆ, ಟೈಮರ್ ಹಾಕಿ, ಪ್ರತಿದಿನ ಅದೇ ವೇಳೆಗೆ. ಕಿಟಕಿಯ ನೇರ ಬಿಸಿಲು ಬೇಡ. ಇಷ್ಟರಲ್ಲಿ ಅನೂಬಿಯಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್ ನೆಮ್ಮದಿಯಾಗಿ ಬೆಳೆಯುತ್ತವೆ. ಜೊತೆಗೆ ಹಿಡಿಯಷ್ಟು ಅಂತರಗಂಗೆ ತೇಲಬಿಟ್ಟರೆ ಅದರ ಎಲೆ ಗಾಳಿಯ ಅನಿಲವನ್ನೂ ಬೇರು ನೀರಿನ ಅಮೋನಿಯಾವನ್ನೂ ಸೆಳೆಯುತ್ತದೆ. ಕೆಳಗಿನ ಬೆಳಕೂ ತುಸು ತಗ್ಗುತ್ತದೆ. ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಳಕ್ಕೆ ಸಾಧಾರಣ ಮಣ್ಣು ಹಾಕಿ, ಸಿಲಿಂಡರ್ ಇಲ್ಲದೆ ತೊಟ್ಟಿ ನಡೆಸುವ ಬಗೆಯನ್ನು ವಿವರಿಸಿದ್ದಾರೆ. ನಮ್ಮ ಮನೆಗಳಿಗೆ ಅದೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಮೊದಲ ತಿಂಗಳು ಕಷ್ಟದ್ದು. ನರ್ಸರಿಗಳು ಬಹಳಷ್ಟು ನೀರುಗಿಡಗಳನ್ನು ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತವೆ. ಅವನ್ನು ತಂದು ಮುಳುಗಿಸಿದಾಗ ಮೇಣದ ಹೊದಿಕೆಯ ಆ ದಪ್ಪ ಎಲೆಗಳು ಕೆಲಸಕ್ಕೆ ಬಾರದೆ ಕರಗುತ್ತವೆ, ಆಮೇಲೆ ನೀರಿಗೆ ತಕ್ಕ ತೆಳು ಎಲೆ ಮೂಡುತ್ತದೆ. ಕ್ರಿಪ್ಟೊಕೊರೈನ್ ಅಂತೂ ಎಲೆಯೆಲ್ಲ ಕಳಚಿ ಬರಿ ಬೇರಾಗಿ ಉಳಿಯುವುದುಂಟು. ಸತ್ತಿತೆಂದು ಕಿತ್ತೆಸೆಯಬೇಡಿ. ಕರಗುವ ಎಲೆಯನ್ನು ಮಾತ್ರ ಕತ್ತರಿಸಿ ತೆಗೆಯುತ್ತಿರಿ. ನಾಟಿಯಾದ ಗದ್ದೆಯಲ್ಲಿ ಪೈರು ನೆಲ ಮುಚ್ಚುವ ತನಕ ಕಳೆಯ ಕಾಟ ಇರುವಂತೆ, ಇಲ್ಲೂ ಗಿಡ ಹರಡುವ ತನಕ ಪಾಚಿಗೆ ಜಾಗ ಇದೆ. ಅದಕ್ಕೇ ಮೊದಲ ದಿನವೇ ಒತ್ತಾಗಿ ನೆಡುವುದು, ಬೇಗ ಬೆಳೆಯುವ ಹೈಡ್ರಿಲ್ಲದಂಥವನ್ನು ಸೇರಿಸುವುದು ಒಳ್ಳೆಯದು.

ಗೊಬ್ಬರಕ್ಕೆ ದುಬಾರಿ ಬಾಟಲಿಯೇ ಬೇಕೆಂದಿಲ್ಲ. ಹನಿ ನೀರಾವರಿಯ ರೈತರು ಬಳಸುವ 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್. 0-52-34 ಎಂದರೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ 50 ಲೀಟರಿನ ಆಸುಪಾಸು ನೀರು. ಅದಕ್ಕೆ ಒಂದು ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ಲೀಟರಿಗೆ ಸುಮಾರು 12 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ. ಸೊಂಪಾದ ತೊಟ್ಟಿಗೆ ವಾರಕ್ಕೆ ಅದು ಹದವಾದ ಪ್ರಮಾಣ. ಜೊತೆಗೆ ತುಸು ಕಬ್ಬಿಣ, ಲಘು ಪೋಷಕಾಂಶ. ಯೂರಿಯಾ ಅಥವಾ 19-19-19 ಹಾಕಲೇಬಾರದು. ಅವುಗಳಿಂದ ಬರುವ ಅಮೋನಿಯಾ ಮೀನನ್ನು ಕೊಲ್ಲುತ್ತದೆ. ವಾರಕ್ಕೊಮ್ಮೆ ಅರ್ಧದಷ್ಟು ನೀರು ಬದಲಿಸಿದರೆ ಹೆಚ್ಚಾದದ್ದು ಹೊರಹೋಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಬೇಕು.

ಪಾಚಿಯನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಜೀವಿಯಲ್ಲ ಎಂಬುದು ತಿಳಿಯುತ್ತದೆ. ಹೊಸ ತೊಟ್ಟಿಯ ಕಂದು ಧೂಳು ಡಯಾಟಮ್. ಸಿಲಿಕಾದ ಚಿಪ್ಪಿನ ಏಕಕೋಶಿ, ಕೆಲವು ವಾರಗಳಲ್ಲಿ ತಾನೇ ಹಿಂದೆಗೆಯುತ್ತದೆ. ಮರಳಿನ ಮೇಲೆ ಹಾಳೆಯಂತೆ ಹಾಸಿ, ಕೆಟ್ಟ ವಾಸನೆ ಬೀರುವ ನೀಲಿ-ಹಸಿರು ಲೋಳೆ ನಿಜಕ್ಕೂ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಅದು ಆ್ಯಂಟಿಬಯಾಟಿಕ್‌ಗೆ ಸಾಯುತ್ತದೆ ಎಂದು ಕೆಲವರು ಎರಿಥ್ರೊಮೈಸಿನ್ ಮಾತ್ರೆ ಕರಗಿಸುತ್ತಾರೆ. ಮನುಷ್ಯರ ಔಷಧವನ್ನು ಹೀಗೆ ಚರಂಡಿಗೆ ಹರಿಸುವುದನ್ನು ನಾನು ಒಪ್ಪಲಾರೆ. ಲೋಳೆಯನ್ನು ಪೈಪಿನಿಂದ ಹೀರಿ ತೆಗೆದು ಮೂರ್ನಾಲ್ಕು ದಿನ ತೊಟ್ಟಿಯನ್ನು ಪೂರ್ತಿ ಕತ್ತಲಲ್ಲಿಟ್ಟರೆ ಅದು ಸಾಕಷ್ಟು ಅಡಗುತ್ತದೆ.

ಎಲ್ಲಕ್ಕಿಂತ ಹಟಮಾರಿ ಎಂದರೆ ಹವ್ಯಾಸಿಗಳು ಬಿಬಿಎ ಎನ್ನುವ ಕಪ್ಪು ಕುಚ್ಚು. ಅನೂಬಿಯಸ್‌ನ ಹಳೆಯ ಎಲೆಯಂಚಿನಲ್ಲಿ, ಫಿಲ್ಟರಿನ ಬಾಯಲ್ಲಿ ಬ್ರಷ್ಷಿನ ಎಳೆಗಳಂತೆ ನಿಲ್ಲುತ್ತದೆ. ಉಗುರಿನಿಂದ ಕೆರೆದರೂ ಬಿಡದು. ಅಂಥ ಎಲೆಯೊಂದನ್ನು ಕತ್ತರಿಸಿ ಸ್ಪಿರಿಟ್‌ನಲ್ಲಿ ಅದ್ದಿಡಿ: ಕಪ್ಪು ಹೋಗಿ ಕೆಂಬಣ್ಣ ತೋರುತ್ತದೆ. ಹಸಿರು ವರ್ಣಕ ಸ್ಪಿರಿಟ್‌ನಲ್ಲಿ ಕರಗುತ್ತದೆ, ಕೆಂಪಿನ ಫೈಕೊಎರಿಥ್ರಿನ್ ಉಳಿಯುತ್ತದೆ. ಬಹುಪಾಲು ಕಡಲಲ್ಲೇ ಬಾಳುವ ಕೆಂಪು ಪಾಚಿಗಳ ಬಳಗದ್ದು ಇದು. ಅನಿಲದ ಮಟ್ಟ ದಿನಕ್ಕೊಂದು ಬಗೆಯಾಗಿ ಏರಿಳಿಯುವ ತೊಟ್ಟಿಗಳಲ್ಲಿ ಇದು ಹೆಚ್ಚು ಎಂಬುದು ಹವ್ಯಾಸಿಗಳ ಅನುಭವ. ‘ದ್ರವ ಇಂಗಾಲ’ ಎಂದು ಮಾರುವ ಬಾಟಲಿಯಿಂದ ಇದು ಸಾಯುವುದು ನಿಜ, ಆದರೆ ಅದರಲ್ಲಿರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್, ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧಿಗೆ ಬಳಸುವ ರಾಸಾಯನಿಕ. ವ್ಯಾಲಿಸ್ನೇರಿಯಾ ಅದನ್ನು ತಾಳದೆ ಕರಗುತ್ತದೆ. ಕುಚ್ಚು ಹಿಡಿದ ಎಲೆಯನ್ನು ಕತ್ತರಿಸಿ ಹಾಕುವುದೇ ಲೇಸು.

ನೀರಿನೊಳಗಿನ ಗಿಡ ಮತ್ತು ಪಾಚಿಯ ಈ ಪೈಪೋಟಿ ಕೆರೆಗಳಲ್ಲೂ ನಡೆಯುತ್ತದೆ. ನೆದರ್ಲೆಂಡ್ಸ್‌ನ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಆಳವಿಲ್ಲದ ಕೆರೆಗಳಿಗೆ ಎರಡು ಸ್ಥಿರ ಸ್ಥಿತಿಗಳಿವೆ ಎಂದು ವಿವರಿಸಿದರು. ಪೋಷಕಾಂಶ ಅಷ್ಟೇ ಇದ್ದರೂ ಒಂದು ಕೆರೆ ಗಿಡ ತುಂಬಿ ತಿಳಿಯಾಗಿರಬಹುದು, ಇನ್ನೊಂದು ಪಾಚಿಯಿಂದ ಕದಡಿರಬಹುದು. ಗಿಡಗಳು ತಳದ ಕೆಸರನ್ನು ಹಿಡಿದಿಡುತ್ತವೆ, ಪಾಚಿ ತಿನ್ನುವ ನೀರುಚಿಗಟಗಳಿಗೆ ಅಡಗುದಾಣವಾಗುತ್ತವೆ. ಪಾಚಿ ಒಮ್ಮೆ ಮೇಲುಗೈ ಪಡೆದರೆ ಬೆಳಕು ತಡೆದು ಗಿಡವನ್ನು ಕೊಲ್ಲುತ್ತದೆ. ಆಮೇಲೆ ಪೋಷಕಾಂಶ ಸ್ವಲ್ಪ ತಗ್ಗಿಸಿದರೂ ಕೆರೆ ಹಿಂದಿನಂತಾಗುವುದಿಲ್ಲ. ಆದರೆ ಗಿಡಗಳ ಬಲಕ್ಕೂ ಮಿತಿಯಿದೆ. ದಶಕಗಳ ಕಾಲ ಕೊಳಚೆ ಹರಿದ ಬೆಳ್ಳಂದೂರು, ವರ್ತೂರಿನಂಥ ಕೆರೆಗಳಲ್ಲಿ ಸಾರಜನಕ, ರಂಜಕದ ಹೊರೆ ಮಿತಿ ಮೀರಿ ತಳದ ಗಿಡಕ್ಕೆ ಬೆಳಕೇ ತಲುಪುವುದಿಲ್ಲ.

ತೊಟ್ಟಿಯಲ್ಲಿ ಗಿಡದ ಜೊತೆಗೆ ಪಾಚಿ ಮೇಯುವ ಜೀವಿಗಳ ಸಹಾಯ ಖಂಡಿತ ಬೇಕು. ಜಪಾನಿನ ತಕಾಶಿ ಅಮಾನೊ (1954–2015) ತೊಟ್ಟಿಯೊಳಗೆ ಕಾಡು-ಬಯಲುಗಳನ್ನು ರೂಪಿಸುವ ಕಲೆಗೆ ಹೆಸರಾದವರು. 1980ರ ದಶಕದಲ್ಲಿ ಅವರು ಪಾಚಿ ಮೇಯಲು ಬಿಟ್ಟ ಪುಟ್ಟ ಸೀಗಡಿ ಇಂದು ಅವರ ಹೆಸರಿನಲ್ಲೇ ಮಾರಾಟವಾಗುತ್ತದೆ. ನೆರೈಟ್ ಬಸವನಹುಳು ಗಾಜನ್ನು ಚೊಕ್ಕವಾಗಿ ಕೆರೆಯುತ್ತದೆ, ಅದರ ಮೊಟ್ಟೆ ಸಿಹಿನೀರಿನಲ್ಲಿ ಮರಿಯಾಗುವುದಿಲ್ಲ. ಅಂಗಡಿಯವರು ಪಾಚಿಗೆಂದು ಕೊಡುವ ಸಕ್ಕರ್ ಮೀನನ್ನು ಮಾತ್ರ ತರಬೇಡಿ. ಬೆರಳುದ್ದದ ಮರಿ ಒಂದಡಿ ದಾಟಿ ಬೆಳೆಯುತ್ತದೆ, ಗಿಡ ಕೀಳುತ್ತದೆ. ಸಾಕಲಾರದೆ ಜನ ಕೆರೆಗೆ ಬಿಟ್ಟದ್ದರಿಂದ ದಕ್ಷಿಣ ಅಮೆರಿಕದ ಈ ಮೀನು ಭಾರತದ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಗಿಡಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಕ್ವೇರಿಯಂ ವ್ಯಾಪಾರದ ಮೂಲಕ 1950ರ ದಶಕದಲ್ಲಿ ಫ್ಲಾರಿಡಾ ಸೇರಿದ ನಮ್ಮ ಹೈಡ್ರಿಲ್ಲ ಅಲ್ಲಿನ ಕಾಲುವೆ, ಕೆರೆಗಳನ್ನು ತುಂಬಿಕೊಂಡಿತು. ಗೆಣ್ಣಿರುವ ಒಂದು ತುಂಡು ಸಾಕು ಅದಕ್ಕೆ. ತೊಟ್ಟಿಯ ಗಿಡ ಸವರಿದಾಗ ತುಂಡುಗಳನ್ನು ರಾಜಕಾಲುವೆಗೂ ಕೆರೆಗೂ ಎಸೆಯದೆ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಹೂಕುಂಡದ ಮಣ್ಣಿಗೆ ಬೆರೆಸಿ. ಅವು ತೊಟ್ಟಿಯಿಂದ ಹೀರಿದ ಸಾರಜನಕ, ರಂಜಕವೆಲ್ಲ ಅಲ್ಲಿ ಗೊಬ್ಬರವಾಗುತ್ತದೆ.