ಒಂದು ಬಲ್ಬು, ಒಂಬತ್ತು ದಿನ: ಯುವಕರೇ ಯೋಜನೆ ನಡೆಸೋದು ಅಂದ್ರೆ ಏನು?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ರೂಮಲ್ಲಿ ಅನ್ನಕ್ಕಿಟ್ಟು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಸ್ವಯಂಸೇವೆ ಬಗ್ಗೆ. ‘ಯುವಕರಿಂದ, ಯುವಕರಿಗಾಗಿ’ ಅನ್ನೋ ಬ್ಯಾನರ್ ನೀವೂ ನೋಡಿರ್ತೀರಿ. ಬ್ಯಾನರ್ ಹಿಡಿದವರು ಯುವಕರು, ಸರಿ. ತೀರ್ಮಾನ ತಗೊಳ್ಳೋರು ಯಾರು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಬಿ.ಕಾಂ. ಮುಗಿಸಿದ ಮೇಲೆ ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಎರಡು ವರ್ಷ ಸ್ವಯಂಸೇವಕನಾಗಿದ್ದೆ. ಕಾಮರ್ಸ್ ಹುಡುಗ ಅಂತ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟರು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಸಂಜೆ ಪಾಠ ನಡೀತಿತ್ತು. ನಡೆಸ್ತಿದ್ದವಳು ಅದೇ ಊರಿನ ಹುಡುಗಿ, ಡಿಗ್ರಿ ಎರಡನೇ ವರ್ಷ. ಆಫೀಸಿನಿಂದ ನಾವು ಸಂಜೆ ಐದಕ್ಕೆ ಪಾಠ ಅಂತ ಬರೆದಿದ್ವಿ. ಹತ್ತಿ ಬಿಡಿಸೋ ಕಾಲ ಅದು. ಶಾಲೆ ಬಿಟ್ಟ ಮಕ್ಕಳು ಹೊಲದಲ್ಲಿ ಅವ್ವ ಅಪ್ಪನ ಜೊತೆ ಇರ್ತಿದ್ರು, ಮನೆಗೆ ಬರೋದೇ ಕತ್ತಲಾದ ಮೇಲೆ. ಅವಳು ಪಾಠವನ್ನ ಏಳಕ್ಕೆ ಬದಲಾಯಿಸಿದಳು. ಮಕ್ಕಳು ಬರೋಕೆ ಶುರು ಮಾಡಿದರು. ಅಷ್ಟರಲ್ಲಿ ಬಲ್ಬು ಹೋಯ್ತು.

ನಮ್ಮ ನಿಯಮ ಏನಿತ್ತು ಅಂದ್ರೆ, ಯಾವ ಖರ್ಚಿಗೂ ಮೊದಲು ರಾಯಚೂರು ಆಫೀಸಿನ ಸಹಿ ಬೇಕು. ಆ ಸಹಿ ನನ್ನದು, ನಾನು ಪರೀಕ್ಷೆಗೆ ಅಂತ ರಜೆಯಲ್ಲಿದ್ದೆ. ಒಂಬತ್ತು ದಿನ ಪಾಠ ನಿಂತುಹೋಯ್ತು. ಅವಳು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಅಣ್ಣಾ, ಬಲ್ಬಿಗೂ ನಿಮ್ಮ ಸಹಿ ಬೇಕೇನ್ರಿ?’

ಆ ಒಂಬತ್ತು ದಿನದಲ್ಲಿ ಏಳನೇ ತರಗತಿಯ ಒಬ್ಬ ಹುಡುಗನ ಮನೆಯವರು ಬೆಂಗಳೂರಿಗೆ ಗುಳೆ ಹೋದರು. ಬಲ್ಬು ಇದ್ದಿದ್ದರೆ ಅವನು ಉಳೀತಿದ್ದ ಅಂತ ನಾನು ಹೇಳಲ್ಲ. ಆದ್ರೆ ಪಾಠ ನಡೀತಿದ್ರೆ ಅವರು ಹೊರಟ ವಿಷಯ ನಮಗೆ ಮೊದಲೇ ಗೊತ್ತಾಗ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, ಎಂಟನೇ ತರಗತಿವರೆಗಿನ ಮಗು ಬೇರೆ ಊರಿಗೆ ಹೋದರೆ ಮುಖ್ಯೋಪಾಧ್ಯಾಯರು ಕೂಡಲೇ ಟಿಸಿ ಕೊಡಬೇಕು. ಟಿಸಿ ತಡವಾಯ್ತು ಅಂತ ಹೊಸ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ. ಇಷ್ಟು ಮಾತು ಅವರ ಅಪ್ಪನಿಗೆ ಹೇಳೋಕೆ ಅರ್ಧ ಗಂಟೆ ಸಾಕಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1992ರಲ್ಲಿ ರೋಜರ್ ಹಾರ್ಟ್ ಅನ್ನೋರು ಯೂನಿಸೆಫ್‌ಗಾಗಿ ಬರೆದ ಒಂದು ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನ ಎಂಟು ಮೆಟ್ಟಿಲಿನ ಏಣಿ ಅಂತ ವಿವರಿಸಿದರು. ಕೆಳಗಿನ ಮೂರು ಮೆಟ್ಟಿಲು ಅಂದ್ರೆ ದೊಡ್ಡವರು ತಮ್ಮ ಕೆಲಸಕ್ಕೆ ಮಕ್ಕಳನ್ನ ಬಳಸೋದು, ಅಲಂಕಾರಕ್ಕೆ ನಿಲ್ಲಿಸೋದು, ಹೆಸರಿಗೆ ಮಾತ್ರ ಸೇರಿಸೋದು. ಹಾರ್ಟ್ ಪ್ರಕಾರ ಈ ಮೂರೂ ಭಾಗವಹಿಸುವಿಕೆಯೇ ಅಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಚಿಕ್ಕವರೇ ಶುರು ಮಾಡ್ತಾರೆ, ತೀರ್ಮಾನದಲ್ಲಿ ಪಾಲು ಇರುತ್ತೆ. ನಮ್ಮ ಹುಡುಗಿಗೆ ನಾವು ‘ಪ್ರಾಜೆಕ್ಟ್ ಲೀಡರ್’ ಅಂತ ಕಾರ್ಡ್ ಮಾಡಿಸಿಕೊಟ್ಟಿದ್ವಿ. ಬಲ್ಬು ತರೋ ಅಧಿಕಾರ ಮಾತ್ರ ಕೊಟ್ಟಿರಲಿಲ್ಲ.

ಇದು ಪರದೇಶದ ಆದರ್ಶ ಅಂದ್ಕೋಬೇಡಿ. ಕರ್ನಾಟಕದಲ್ಲೇ 1990ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ ಅಂತ ತಮ್ಮದೇ ಸಂಘಟನೆ ಕಟ್ಟಿಕೊಂಡರು. 1995ರಲ್ಲಿ ಕುಂದಾಪುರ ಕಡೆ ‘ಮಕ್ಕಳ ಪಂಚಾಯಿತಿ’ ಶುರುವಾಯ್ತು. ಅಲ್ಲಿ ಮಕ್ಕಳೇ ತಮ್ಮ ಪ್ರತಿನಿಧಿಗಳನ್ನ ಆರಿಸಿ, ಊರಿನ ಸಮಸ್ಯೆಯನ್ನ ದೊಡ್ಡವರ ಮುಂದೆ ಇಟ್ಟರು. ದೊಡ್ಡವರು ಬೆನ್ನಿಗಿದ್ದರು, ಮಾತು ಮಕ್ಕಳದ್ದಾಗಿತ್ತು.

ಯುವಕರ ಕೈಗೆ ಕೊಟ್ಟರೆ ಏನು ಲಾಭ? ಮಾನ್ವಿಯ ಉದಾಹರಣೆ ಹೇಳ್ತೀನಿ. ಅಲ್ಲಿ ಪಿಯುಸಿ ಮುಗಿಸಿದವರಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಿಸೋ ಕೆಲಸ ನಮ್ಮದು. ಆಫೀಸು ಇಟ್ಟ ಸಮಯ ಬೆಳಿಗ್ಗೆ ಹನ್ನೊಂದು. ಎಷ್ಟೋ ಅರ್ಜಿ ಅರ್ಧಕ್ಕೇ ನಿಲ್ಲೋದು, ಯಾಕಂತ ನಮಗೆ ತಿಳೀಲಿಲ್ಲ. ಹಿಂದಿನ ವರ್ಷ ತಾವೇ ಅರ್ಜಿ ಹಾಕಿದ್ದ ಇಬ್ಬರು ಸ್ವಯಂಸೇವಕಿಯರಿಗೆ ತಿಳಿದಿತ್ತು. ಆಧಾರ್‌ಗೆ ಜೋಡಿಸಿದ ನಂಬರ್ ಅಪ್ಪನದು, ಒಟಿಪಿ ಹೋಗೋದು ಅಪ್ಪನ ಫೋನಿಗೆ. ಅಪ್ಪ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದ ಮೇಲೆ, ಹನ್ನೊಂದಕ್ಕೆ ಫೋನ್ ಎತ್ತಲ್ಲ. ಅವರು ಅರ್ಜಿಯ ಕೆಲಸವನ್ನ ರಾತ್ರಿ ಎಂಟಕ್ಕೆ ಇಟ್ಟರು, ಒಬ್ಬರ ಮನೆಯ ಪಡಸಾಲೆಯಲ್ಲಿ. ಅಪ್ಪ ಊಟಕ್ಕೆ ಕೂತಾಗ ಒಟಿಪಿ ಓದಿ ಹೇಳ್ತಿದ್ದ. ಈ ಉಪಾಯ ನನಗೆ ನೂರು ಮೀಟಿಂಗ್ ಮಾಡಿದ್ರೂ ಹೊಳೀತಿರಲಿಲ್ಲ.

ಹಾಗಾದ್ರೆ ಎಲ್ಲಾ ಬಿಟ್ಟುಕೊಡಬೇಕಾ? ಇಲ್ಲ. ಮೂರು ವಿಷಯ ಬೇರೆ ಬೇರೆ ನೋಡಬೇಕು.

ಮೊದಲನೆಯದು ದುಡ್ಡು. ಬಲ್ಬಿನ ಪ್ರಸಂಗ ಆದ ಮೇಲೆ ನಾವು ಮಾಡಿದ್ದು ಕಾಮರ್ಸ್‌ನವರು ಮೊದಲ ವರ್ಷದಲ್ಲೇ ಓದೋ ಇಂಪ್ರೆಸ್ಟ್ ಪದ್ಧತಿ. ಪ್ರತಿ ಯೋಜನೆಗೆ ಒಂದು ಸಾವಿರ ರೂಪಾಯಿ ಮುಂಗಡ. ಅವರೇ ಖರ್ಚು ಮಾಡ್ತಾರೆ, ಚೀಟಿ ಇಡ್ತಾರೆ. ತಿಂಗಳ ಕೊನೆಗೆ 640 ರೂಪಾಯಿಯ ಚೀಟಿ ಕೊಟ್ಟರೆ 640 ವಾಪಸ್ ತುಂಬಿಸ್ತೀವಿ. ಲೆಕ್ಕವೂ ಸರಿ, ಪಾಠವೂ ನಿಲ್ಲಲ್ಲ. ಬಸ್ ಚಾರ್ಜೂ ಇದರಲ್ಲೇ ಬರುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಉಚಿತ, ಹುಡುಗರಿಗೆ ಟಿಕೆಟ್ ದುಡ್ಡು ಬೇಕೇ ಬೇಕು.

ಎರಡನೆಯದು ಸಮಯ ಮತ್ತು ಜಾಗ. ಇದು ಪೂರ್ತಿ ಊರಲ್ಲಿರೋರ ತೀರ್ಮಾನ. ಆಫೀಸು ಕೇಳಿ ತಿಳ್ಕೋಬೇಕು, ಅಷ್ಟೇ.

ಮೂರನೆಯದು ಸುರಕ್ಷತೆ. ಇದನ್ನ ಇಪ್ಪತ್ತು ವರ್ಷದವರ ತಲೆ ಮೇಲೆ ಹೊರಿಸಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ‘ನಮ್ಮಲ್ಲೇ ಬಗೆಹರಿಸ್ತೀವಿ’ ಅನ್ನೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡೂ ನಂಬರ್ ಪಾಠದ ಗೋಡೆ ಮೇಲಿರಲಿ. ಇಂಥ ಹೊತ್ತಲ್ಲಿ ಸ್ವಯಂಸೇವಕರು ಯಾರಿಗೆ ಫೋನ್ ಮಾಡಬೇಕು ಅನ್ನೋದು ಮೊದಲ ದಿನವೇ ಗೊತ್ತಿರಬೇಕು, ಅದು ಸಂಸ್ಥೆಯ ಜವಾಬ್ದಾರಿ.

ನೀವು ಎಲ್ಲಾದರೂ ಸ್ವಯಂಸೇವಕರಾಗಿ ಸೇರೋ ಮುಂಚೆ ಮೂರು ಪ್ರಶ್ನೆ ಕೇಳಿ. ಸಣ್ಣ ಖರ್ಚು ನಾನೇ ಮಾಡಬಹುದಾ? ಸಮಯ ನಾನು ಬದಲಾಯಿಸಬಹುದಾ? ನಾನು ಪರೀಕ್ಷೆಗೋ ಕೆಲಸಕ್ಕೋ ಹೋದರೆ ಇದನ್ನ ಮುಂದುವರಿಸೋರು ಯಾರು? ಕೊನೆಯದನ್ನ ನಿಮಗೆ ನೀವೇ ಕೇಳಿಕೊಳ್ಳಿ. ನಾನು ರಜೆ ಹೋಗುವಾಗ ಸಹಿ ಮಾಡೋ ಅಧಿಕಾರವನ್ನ ಇನ್ನೊಬ್ಬರಿಗೆ ಕೊಟ್ಟು ಹೋಗಬೇಕು ಅಂತ ನನಗೇ ಹೊಳೆದಿರಲಿಲ್ಲ.

ದೇವದುರ್ಗದ ಆ ಹುಡುಗಿ ಈಗ ತನ್ನ ಜೊತೆ ಇನ್ನೊಬ್ಬಳನ್ನ ತಯಾರು ಮಾಡಿದಾಳೆ. ಪಾಠದ ಪೆಟ್ಟಿಗೆಯಲ್ಲಿ ಚಾಕ್‌ಪೀಸ್ ಜೊತೆ ಯಾವಾಗಲೂ ಒಂದು ಹೆಚ್ಚಿನ ಬಲ್ಬು ಇರುತ್ತೆ.

ಮುಂದಿನ ವಾರ ಸಿಗೋಣ. ಅಲ್ಲೀತನಕ, ಆರಾಮಿರ್ರಿ.